ಊದದೆ ಕೊಂಡ ಕೊಳಲು

ಕರಡಿಯ ವಾದ್ಯಮೇಳದಲ್ಲಿ ಮಂದ್ರಸ್ವರದ ಕೊಳಲಿನವರ ಜಾಗ ತೆರವಾಯಿತು. ಅದರ ಮೇಲೆ ಮುಂಗುಸಿಯ ಕಣ್ಣು ಬಿತ್ತು. ಈವರೆಗೆ ಪೀಪಿಯನ್ನೂ ಊದದ ಮುಂಗುಸಿ ನೇರ ಮರಕುಟಿಗನ ಅಂಗಡಿಗೆ ಹೋಯಿತು.

“ದೊಡ್ಡ ಕೊಳಲು ಬೇಕು. ಅಗ್ಗವಾಗಿರಬೇಕು, ಆದರೆ ಅಗ್ಗದ್ದೆಂದು ಯಾರಿಗೂ ಕಾಣಬಾರದು.”

ಮರಕುಟಿಗ ಎರಡು ಕೊಳಲು ಮುಂದಿಟ್ಟಿತು. “ಬೆಲೆ ಎರಡಕ್ಕೂ ಒಂದೇ. ಪ್ಲಾಸ್ಟಿಕ್ಕಿನದು ನೋಡಲು ಸಪ್ಪೆ, ಆದರೆ ಗಿಡ್ಡ ಬೆರಳಿಗೂ ತೂತುಗಳು ಎಟುಕುತ್ತವೆ. ಮರದ್ದು ಹಳೆಯದು, ಮೆರುಗಷ್ಟೇ ಹೊಸದು. ಊದಿ ನೋಡಿ, ರಾಯರೇ.”

ಅಂಗಡಿಯ ತುಂಬ ಗಿರಾಕಿಗಳಿದ್ದರು. ಊದಿದರೆ ತಾನು ಹೊಸಬನೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಮುಂಗುಸಿ ಮರದ ಕೊಳಲನ್ನು ಮಡಕೆಯಂತೆ ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ತಲೆದೂಗಿತು. “ಇದೇ ಇರಲಿ. ನಮ್ಮಂಥವರಿಗೆ ತಟ್ಟಿದರೆ ಸಾಕು.”

ಸಂಜೆ ಮೇಳದ ಮುಂದೆ ನಿಂತಾಗ ಮುಂಗುಸಿಯ ಬೆರಳು ಮೂರನೆಯ ತೂತಿಗೂ ಎಟುಕಲಿಲ್ಲ. ಕೊಳಲಿನಿಂದ ಬರೀ ಗಾಳಿ ಬಂತು.

“ಹೊಸಬರೋ?” ಎಂದು ಕರಡಿ ಕೇಳಿತು.

“ಛೆ ಛೆ! ಹತ್ತು ವರ್ಷದ ಅಭ್ಯಾಸ. ಕೊಳಲೇ ಸರಿಯಿಲ್ಲ.”

“ಅಯ್ಯೋ, ಹೊಸಬರಾಗಿದ್ದರೆ ಸೇರಿಸಿಕೊಂಡು ಕಲಿಸುತ್ತಿದ್ದೆ,” ಎಂದಿತು ಕರಡಿ. “ಹತ್ತು ವರ್ಷ ಊದಿಯೂ ಇಷ್ಟೇ ಎಂದಮೇಲೆ ನಾನೇನು ಮಾಡಲಿ? ಮುಂದಿನವರು ಬನ್ನಿ.”