ನೀಲಮ್ಮನವರ ಬೆಂಡೆಕಾಯಿ ಪಲ್ಯ

ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಹುಡುಗರು ತರಕಾರಿ ಮುಟ್ಟುತ್ತಿರಲಿಲ್ಲ. "ಸೋಮವಾರದೊಳಗ ಇವರು ಪಲ್ಯ ತಿನ್ನಲಿಲ್ಲಂದ್ರ ಬೇರೆ ಅಡಿಗೆಯವರನ್ನ ಕರಸ್ತೀನಿ" ಎಂದು ವಾರ್ಡನ್ ಸಾಹೇಬರು ಅಡಿಗೆಯ ಶರಣವ್ವನನ್ನು ಗದರಿದರು.

ಶರಣವ್ವ ಊಟಕ್ಕೆ ಬಂದ ಹುಡುಗರನ್ನೆಲ್ಲ, "ನಿಮ್ಮವ್ವ ಪಲ್ಯ ಹೆಂಗ ಮಾಡ್ತಾರ?" ಎಂದು ಕೇಳಿದಳು. ಮರುದಿನ ಬಾಗಿಲ ಹಲಗೆಯ ಮೇಲೆ ಬರೆದಳು: "ಇವತ್ತು ಈರಪ್ಪನ ತಾಯಿ ನೀಲಮ್ಮನವರ ಬೆಂಡೆಕಾಯಿ ಪಲ್ಯ."

ಗೆಳೆಯನ ಅವ್ವನ ಅಡಿಗೆಯನ್ನು ತಟ್ಟೆಯಲ್ಲಿ ಬಿಡುವುದು ಹೇಗೆ? ಎಲ್ಲರೂ ಬಳಿದು ತಿಂದರು. ಈರಪ್ಪ ಮೂರು ಸಲ ಬಡಿಸಿಕೊಂಡ. "ನಾಳೆ ನಮ್ಮವ್ವನದು" ಎಂದು ಉಳಿದವರು ದುಂಬಾಲು ಬಿದ್ದರು.

ಸೋಮವಾರ ಖಾಲಿ ತಟ್ಟೆಗಳನ್ನು ನೋಡಿ ವಾರ್ಡನ್ ಶರಣವ್ವನ ಹತ್ತಿರ ಬಂದರು. ಮೆಲ್ಲಗೆ, "ನಮ್ಮವ್ವ ಹೀರೇಕಾಯಿಗೆ ಗುರೆಳ್ಳು ಪುಡಿ ಹಾಕ್ತಿದ್ದಳು" ಎಂದರು.

"ಅವರ ಹೆಸರೇನ್ರಿ?" ಎಂದಳು ಶರಣವ್ವ.

"ಗೌರವ್ವ" ಎಂದರು. ಆ ಹೆಸರನ್ನು ಅವರು ಬಾಯಿಬಿಟ್ಟು ಹೇಳಿ ಇಪ್ಪತ್ತು ವರ್ಷವಾಗಿತ್ತು.