ಹಾಜರಿಯ ಮನವಿಮಾಲೆ

ಪೂಜ್ಯ ಇನ್ನಾಸಪ್ಪ ಸ್ವಾಮಿಗಳು ತಮ್ಮ ಕೊನೆಯ ವರ್ಷಗಳನ್ನು ಈರುಳ್ಳಿ ಮೂಟೆಗಳ ನಡುವೆ ಕಳೆದರು. ಇದು ಅಲಂಕಾರದ ಮಾತಲ್ಲ. ಮೈಸೂರಿನ ಅಂಚಿನಲ್ಲಿ, ಹಳ್ಳಿಗಳಿಂದ ಬಂದ ಕಥೋಲಿಕ ಕಾಲೇಜು ಹುಡುಗರಿಗಾಗಿ ನಡೆಯುತ್ತಿದ್ದ ಒಂದು ಸಣ್ಣ ಹಾಸ್ಟೆಲಿನಲ್ಲಿ, ಅಡುಗೆಮನೆಗೆ ಅಂಟಿಕೊಂಡ ಉಗ್ರಾಣದ ಅರ್ಧ ಭಾಗವನ್ನು ಅವರು ತಾವಾಗಿಯೇ ಕೇಳಿ ಪಡೆದಿದ್ದರು. ಬಿಷಪರು ಒಳ್ಳೆಯ ಕೋಣೆ ಕೊಡುತ್ತೇವೆ, ವಿಶ್ರಾಂತಿ ತೆಗೆದುಕೊಳ್ಳಿ ಎಂದಾಗ, "ಒಳ್ಳೆಯ ಕೋಣೆಯಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ" ಎಂದರಂತೆ. ಒಂದು ಹಗ್ಗದ ಮಂಚ, ಗೋಡೆಯ ಮೇಲೊಂದು ಶಿಲುಬೆ, ಮೂಲೆಯಲ್ಲೊಂದು ಟ್ರಂಕು. ಆ ಟ್ರಂಕಿನಲ್ಲಿ ಎರಡು ಹಳೆಯ ನಿಲುವಂಗಿಗಳ ಹೊರತು ಏನೂ ಇರಲಿಲ್ಲವೆಂದು ಹಾಸ್ಟೆಲಿನ ಹುಡುಗರು ಪ್ರಮಾಣ ಮಾಡಿ ಹೇಳುತ್ತಿದ್ದರು. ಹುಡುಗರಿಗೆ ಅದು ಹೇಗೆ ಗೊತ್ತಾಯಿತೆಂದು ನಾವು ಕೇಳುವುದು ಬೇಡ.

ಸ್ವಾಮಿಗಳಿಗೆ ಕಿವಿ ಮಂದವಾಗಿತ್ತು. ಕಾವೇರಿಯಾಚೆಯ ಕಾಡಂಚಿನ ಹಳ್ಳಿಗಳಲ್ಲಿ ಗುರುಗಳಾಗಿದ್ದಾಗ ಚರ್ಚಿನ ಗಂಟೆಯನ್ನು ತಾವೇ ಹೊಡೆದು ಹೊಡೆದು ಹೀಗಾಯಿತೆಂದು ಅವರ ಭಕ್ತರು ಹೇಳುತ್ತಾರೆ. ಜನರ ಪಾಪನಿವೇದನೆ ಕೇಳಿ ಕೇಳಿ ಹೀಗಾಯಿತೆಂದು ನನ್ನ ಅಂದಾಜು. ಯಾವುದನ್ನು ನಂಬಿದರೂ ಅಡ್ಡಿಯಿಲ್ಲ. ಜೋರಾಗಿ, ನಿಧಾನವಾಗಿ ಹೇಳಿದ ಮಾತು ಅವರಿಗೆ ಕೇಳಿಸುತ್ತಿತ್ತು; ಗೊಣಗಿದ್ದು ಗಾಳಿಗೆ ಹೋಗುತ್ತಿತ್ತು.

ಹಾಸ್ಟೆಲಿನ ವಾರ್ಡನ್ ಫಾದರ್ ಕ್ಲೆಮೆಂಟರು ಶಿಸ್ತಿನ ಗುರುಗಳು. ಬೆಳಗಿನ ಬಲಿಪೂಜೆಗೆ, ಅಂದರೆ ಮಾಸಿಗೆ, ಮುಂಚೆ ಪ್ರಾರ್ಥನಾಲಯದಲ್ಲಿ, ಪೀಠದ ಪಕ್ಕದಲ್ಲಿ ನಿಂತು, ಅವರೇ ಹಾಜರಿ ಕೂಗುತ್ತಿದ್ದರು. ಕಾರಣವಿಲ್ಲದೆ ಪೂಜೆ ತಪ್ಪಿಸುವವನಿಗೆ ಹಾಸ್ಟೆಲಿನಲ್ಲಿ ಹಾಸಿಗೆ ಇಲ್ಲ ಎಂಬುದು ಅವರ ನಿಯಮ. ಅವರದು ತುಂಬುಗಂಟಲು. "ಜೆರೋಮ್" ಎಂದು ಕೂಗಿದರೆ ಹೊರಗಿನ ಕಾಗೆ ಹಾರುತ್ತಿತ್ತು. ಉತ್ತರಕ್ಕೆ ಹುಡುಗರು ನಿದ್ದೆಗಣ್ಣಿನಲ್ಲಿ "ಹಾಜರ್" ಎಂದು ಗೊಣಗುತ್ತಿದ್ದರು.

ಇನ್ನಾಸಪ್ಪ ಸ್ವಾಮಿಗಳು ಬಂದ ಮೊದಲ ಬೆಳಿಗ್ಗೆ ಹಿಂದಿನ ಬೆಂಚಿನಲ್ಲಿ ಮೊಣಕಾಲೂರಿದರು. ಫಾದರ್ ಕ್ಲೆಮೆಂಟರು ಶುರು ಮಾಡಿದರು. "ಜೆರೋಮ್." "ಬೆನೆಡಿಕ್ಟ್." "ಗಿಲ್ಬರ್ಟ್." "ತನಿಸ್ಲಾಸ್." ಕಥೋಲಿಕ ಮನೆಗಳಲ್ಲಿ ಮಕ್ಕಳಿಗೆ ಸಂತರ ಹೆಸರನ್ನೇ ಇಡುವುದು ವಾಡಿಕೆ. ಹಿಂದಿನ ಬೆಂಚಿನ ಮಂದ ಕಿವಿಗೆ ಕೇಳಿಸಿದ್ದು ಸಾಲುಸಾಲಾಗಿ ಸಂತರ ಹೆಸರುಗಳು, ಪ್ರತಿ ಹೆಸರಿನ ಹಿಂದೆ ಒಂದು ಗೊಣಗಾಟ. ಓಹೋ, ಈ ಗುರುಗಳು ಸಂತರ ಮನವಿಮಾಲೆ ಹೇಳಿಸುತ್ತಿದ್ದಾರೆ ಎಂದು ಸ್ವಾಮಿಗಳು ತಿಳಿದರು. ಮನವಿಮಾಲೆಯೆಂದರೆ ಒಬ್ಬರು ಸಂತರ ಹೆಸರನ್ನು ಹೇಳುವುದು, ಉಳಿದವರೆಲ್ಲ "ನಮಗಾಗಿ ಪ್ರಾರ್ಥಿಸಿ" ಎಂದು ಒಟ್ಟಾಗಿ ಬೇಡಿಕೊಳ್ಳುವುದು. ಹುಡುಗರಿಗೆ ಉತ್ತರ ಸರಿಯಾಗಿ ಬರುತ್ತಿಲ್ಲ, ಪಾಪ, ಎಂದುಕೊಂಡು ಸ್ವಾಮಿಗಳು ತಾವೇ ದನಿಯೆತ್ತಿದರು.

"ಬಾರ್ತಲೋಮ್."

"ಹಾಜರ್."

"ನಮಗಾಗಿ ಪ್ರಾರ್ಥಿಸಿ!"

ಆ ಬೆಳಿಗ್ಗೆ ಹುಡುಗರು ನಗು ತಡೆಯಲು ಬೆಂಚಿನ ಅಂಚನ್ನು ಕಚ್ಚಿದರು. ಹಲ್ಲಿನ ಗುರುತುಗಳು ಇಂದಿಗೂ ಇವೆ, ಬೇಕಾದವರು ಹೋಗಿ ನೋಡಬಹುದು. ಫಾದರ್ ಕ್ಲೆಮೆಂಟರು ಹಾಜರಿ ನಿಲ್ಲಿಸಿ ಹಿಂದಕ್ಕೆ ನೋಡಿದರು. ಆದರೆ ಏನೆಂದು ಹೇಳುವುದು? ಕೂಸಾಗಿದ್ದಾಗ ಅವರಿಗೆ ಜ್ಞಾನಸ್ನಾನ ಕೊಟ್ಟು ಹೆಸರಿಟ್ಟವರೇ ಈ ಸ್ವಾಮಿಗಳು. ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಒಬ್ಬ ಹುಡುಗನ ಹೆಸರು ಕಿರಣ್. ಆ ಹೆಸರು ಬಂದಾಗ ಮಾತ್ರ ಸ್ವಾಮಿಗಳು ತುಸು ತಡೆದು, ಆಮೇಲೆ ಬೇಡಿಕೊಳ್ಳುತ್ತಿದ್ದರು. ಒಂದು ದಿನ ಊಟದ ಹೊತ್ತಿನಲ್ಲಿ, "ಸಂತ ಕಿರಣರು ಯಾವ ದೇಶದವರು?" ಎಂದು ವಾರ್ಡನ್ನರನ್ನೇ ಕೇಳಿದರೆಂದೂ, ವಾರ್ಡನ್ನರು ಸಾರು ನೆತ್ತಿಗೇರಿದವರಂತೆ ಕೆಮ್ಮಿ ಎದ್ದುಹೋದರೆಂದೂ ಪ್ರತೀತಿ.

ಈಗ ತನಿಸ್ಲಾಸನ ವಿಷಯ. ಸಂಗಮದ ಕಡೆಯ ಹಳ್ಳಿಯವನು, ಬಿಎಸ್ಸಿ ಎರಡನೆಯ ವರ್ಷ, ಬುದ್ಧಿವಂತ. ಅವನ ಊರಿಂದ ದಿನವೂ ಕಾಲೇಜಿಗೆ ಬಂದುಹೋಗುವ ಬಸ್ಸಿರಲಿಲ್ಲ. ಹಾಸ್ಟೆಲ್ ತಪ್ಪಿದರೆ ಡಿಗ್ರಿಯೂ ತಪ್ಪಿದಂತೆ. ಇಂಥವನು ಪೂಜೆಗೆ ಬರುವುದನ್ನೇ ಬಿಟ್ಟ. ಕಾರಣ ಕಾಲೇಜು ಕ್ಯಾಂಟೀನು. ಅಲ್ಲಿ ನಾಗಭೂಷಣ ಎಂಬ ಅವನ ಗೆಳೆಯ ಒಮ್ಮೆ ಕೇಳಿದ್ದ: "ಅಷ್ಟು ಬೆಳಿಗ್ಗೆ ಎದ್ದು ಚರ್ಚ್‌ನಲ್ಲಿ ಏನ್ ಮಾಡ್ತೀಯೋ?" ಗೇಲಿಯಲ್ಲ, ತಿಳಿಯುವ ಆಸೆ. ತನಿಸ್ಲಾಸ್ ಯೋಚಿಸಿ ನೋಡಿದ. ನಿಜವಾದ ಉತ್ತರ ಒಂದೇ ಇತ್ತು.

"ಹಾಜರಿ ಹೇಳ್ತೀನಿ."

"ಆಮೇಲೆ?"

"ಆಮೇಲೆ ತೂಕಡಿಸ್ತೀನಿ."

ಇಬ್ಬರೂ ನಕ್ಕರು. ಆದರೆ ತನಿಸ್ಲಾಸನಿಗೆ ಆ ಮಾತು ಒಳಗೆ ಹೊಕ್ಕಿತು. ನಾನಿದ್ದರೂ ಇಲ್ಲದಿದ್ದರೂ ದೇವರಿಗೇನು, ಪಕ್ಕದವನಿಗೇನು? ಹಾಜರಿ ಹೇಳಲು ನಾನೇ ಯಾಕೆ ಬೇಕು? ಹೀಗೆ ತರ್ಕ ಮಾಡಿ ಅವನು ಕಂಬಳಿ ಎಳೆದುಕೊಂಡ. ಅವನ ಹೆಸರು ಬಂದಾಗ ಕಂಬದ ಮರೆಯಿಂದ, ಅವನದೇ ದನಿಯಲ್ಲಿ, ಬೇರೊಬ್ಬ "ಹಾಜರ್" ಎನ್ನುತ್ತಿದ್ದ. ಪ್ರಾರ್ಥನಾಲಯದಲ್ಲಿ ಆ ಹೊತ್ತಿಗೆ ಮಬ್ಬುಗತ್ತಲು, ಮುಖ ಕಾಣುತ್ತಿರಲಿಲ್ಲ. ಆ ಗಂಟಲಿನ ಒಡೆಯ ಗಿಲ್ಬರ್ಟ್ ಎಂದಿಟ್ಟುಕೊಳ್ಳಿ. ಅಪರೂಪದ ಪ್ರತಿಭೆ ಎಂದು ಮಾತ್ರ ಹೇಳಬಲ್ಲೆ.

ಕೆಲವು ವಾರ ಹೀಗೆ ನಡೆಯಿತು. ಕೊನೆಗೆ ಫಾದರ್ ಕ್ಲೆಮೆಂಟರಿಗೆ ಅನುಮಾನ ಬಂತು. ಒಂದು ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಅವರು ಸ್ವಾಮಿಗಳ ಕಿವಿಯ ಹತ್ತಿರ ಬಾಗಿ ಗುಟ್ಟಾಗಿ ಕೇಳಿದರು. ಗುಟ್ಟಾಗಿ ಅಂದರೆ ಊಟದ ಕೋಣೆಗೆಲ್ಲ ಕೇಳಿಸುವಂತೆ.

"ಸ್ವಾಮಿ, ಹಿಂದೆ ಕೂರೋರು ನೀವು! ಆ ತನಿಸ್ಲಾಸ್ ಪೂಜೆಗೆ ಬರ್ತಿದ್ದಾನೋ ಇಲ್ಲವೋ?"

ಸ್ವಾಮಿಗಳು ಇಡ್ಲಿ ಮುರಿಯುತ್ತಾ ಹೇಳಿದರು: "ಹುಡುಗನನ್ನೇ ಕೇಳಿ ಹೇಳ್ತೀನಿ. ಮಧ್ಯಾಹ್ನ ಕಳಿಸಿ."

ಕಾಲೇಜಿನಿಂದ ವಾಪಸು ಬರುವ ದಾರಿಯುದ್ದಕ್ಕೂ ಗಿಲ್ಬರ್ಟ್ ಉಪಾಯ ಹೇಳಿಕೊಟ್ಟ. "ಅವರಿಗೆ ಕೇಳ್ಸೋದೇ ಅಷ್ಟಕ್ಕಷ್ಟೆ ಕಣೋ. 'ಬರ್ತಿದ್ದೆ ಸ್ವಾಮಿ' ಅನ್ನು, ಕಾಲಿಗೆ ಬೀಳು, ಎದ್ದು ಬಾ. ಸಾಧುಗಳು, ನಂಬ್ತಾರೆ."

"ನಂಬದಿದ್ರೆ?"

"ದಿನಾ 'ನಮಗಾಗಿ ಪ್ರಾರ್ಥಿಸಿ' ಅಂತ ನಿನ್ನನ್ನೇ ಬೇಡ್ಕೊಳ್ಳೋರು ನಿನ್ನ ಮಾತು ನಂಬಲ್ವೇನೋ?"

ತನಿಸ್ಲಾಸ್ ಉಗ್ರಾಣದ ಬಾಗಿಲಿಗೆ ಬಂದಾಗ ಸ್ವಾಮಿಗಳು ನೆಲದ ಮೇಲೆ ಕುಳಿತು ಅವರೆಕಾಳು ಹಿತುಕುತ್ತಿದ್ದರು. ಅವರೆಯ ಕಾಲ, ಅಡುಗೆಯ ಮದಲೇನಮ್ಮನವರು ನೆನೆಸಿಟ್ಟ ಕಾಳಿನ ಬೋಗುಣಿಯನ್ನು ಸ್ವಾಮಿಗಳು ದಿನವೂ ತಾವಾಗಿ ಕೇಳಿ ತರಿಸಿಕೊಳ್ಳುತ್ತಿದ್ದರು. "ಬಾ ಮಗ, ಕೂತ್ಕೋ" ಎಂದು ಬೋಗುಣಿಯನ್ನು ಅವನ ಕಡೆಗೂ ತಳ್ಳಿದರು. ಅವನೂ ಹಿತುಕತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಸ್ವಾಮಿಗಳು ಕೇಳಿದರು:

"ಪೂಜೆಗೆ ಬರ್ತಿದ್ಯಾ?"

"ಬರ್ತಿದ್ದೆ ಸ್ವಾಮಿ" ಎಂದ, ಮೆಲ್ಲಗೆ.

"ಆಂ?"

"ಬರ್ತಿದ್ದೆ."

"ಇನ್ನೂ ಜೋರಾಗಿ ಹೇಳು ಮಗ."

ಪಿಸುಗುಟ್ಟಿ ಹೇಳುವ ಸುಳ್ಳು ಬೇರೆ. ಗೋಡೆಯಾಚೆ ಮದಲೇನಮ್ಮನವರು ಸಾರು ಕುದಿಸುತ್ತಿರುವಾಗ, ಒಬ್ಬ ವಯೋವೃದ್ಧ ಗುರುವಿನ ಕಿವಿಗೆ ಬಾಯಿಟ್ಟು ಕೂಗಿ ಹೇಳುವ ಸುಳ್ಳು ಬೇರೆ. ತನಿಸ್ಲಾಸ್ ಉಸಿರೆಳೆದುಕೊಂಡ. ಕೂಗಿದ. ಬಾಯಿಂದ ಬಂದದ್ದು ಅಂದುಕೊಂಡ ಮಾತಾಗಿರಲಿಲ್ಲ.

"ಬರ್ತಿರಲಿಲ್ಲ ಸ್ವಾಮಿ!"

ಗೋಡೆಯಾಚೆ ಸೌಟಿನ ಸದ್ದು ನಿಂತಿತು. ಮಾತು ಹೊರಗೆ ಬಿದ್ದಮೇಲೆ ಅವನಿಗೆ ಒಂದು ಬಗೆಯ ಹುಂಬ ಧೈರ್ಯ ಬಂತು. ಹೋಗುವ ಹಾಸಿಗೆ ಹೇಗೂ ಹೋಯಿತು, ಈ ಮುದಿಜೀವದ ಭ್ರಮೆಯನ್ನೂ ಬಿಡಿಸಿಬಿಡೋಣ ಎನಿಸಿತು.

"ಅದು ಮನವಿಮಾಲೆ ಅಲ್ಲ ಸ್ವಾಮಿ! ಹಾಜರಿ! ನಮ್ಮ ಹೆಸರುಗಳು! ತನಿಸ್ಲಾಸ್ ಅಂದ್ರೆ ನಾನು! ಸಂತರಲ್ಲ!"

ಸ್ವಾಮಿಗಳ ಬೆರಳಿನಿಂದ ಕಾಳು ಚಿಮ್ಮಿ ಮೂಟೆಯ ಹಿಂದೆ ಹೋಯಿತು. ಅವರು ಅವನನ್ನೇ ನೋಡಿದರು. ಆಮೇಲೆ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಾಜರಿಯೇ! ಅದಕ್ಕೇ ಕಿರಣ!" ಎಂದು ಮತ್ತೆ ನಕ್ಕರು. ನಗು ಇಳಿದಮೇಲೆ ಕಣ್ಣೊರಸಿಕೊಂಡು, ಏನೋ ಲೆಕ್ಕ ಕೂಡಿಸುವವರಂತೆ ಬೆರಳು ಮಡಿಸಿ, ಕೇಳಿದರು:

"ಹಾಗಾದ್ರೆ ಇಷ್ಟು ದಿನ ನಾನು ಬೇಡ್ಕೊಂಡಿದ್ದು ನಿನ್ನನ್ನೇ. ನನಗಾಗಿ ಪ್ರಾರ್ಥನೆ ಮಾಡಿದೆಯಾ?"

ತನಿಸ್ಲಾಸ್ ಕೈಯಲ್ಲಿದ್ದ ಕಾಳನ್ನು ಬೋಗುಣಿಗೆ ಹಾಕಿದ.

"ನಾನು... ಮಲಗಿದ್ದೆ ಸ್ವಾಮಿ!"

"ಮಲಗ್ಕೊಂಡೇ ಮಾಡಬಹುದಿತ್ತಲ್ಲ."

ಛೇಡಿಸುವ ದನಿ ಅದಾಗಿರಲಿಲ್ಲ. ಕೇಳಿಟ್ಟ ವಸ್ತುವೊಂದು ಕೈಗೆ ಬಂದಿಲ್ಲವೆಂದು ವಿಚಾರಿಸುವ ದನಿ. "ನೀವು ಇಷ್ಟು ವರ್ಷ ಗುರುಗಳಾಗಿದ್ದೋರು. ನನ್ನಂಥೋನ ಪ್ರಾರ್ಥನೆ ನಿಮಗ್ಯಾಕೆ ಸ್ವಾಮಿ?" ಎಂದು ಕೂಗಿದ ತನಿಸ್ಲಾಸ್.

ಸ್ವಾಮಿಗಳು ಇನ್ನೊಂದು ಹಿಡಿ ಕಾಳು ತೆಗೆದುಕೊಂಡರು. "ನನಗೆ ಪ್ರಾರ್ಥನೆ ಬರ್ತಿಲ್ಲ ಮಗ. ಊರು ಬಿಟ್ಟು ಬಂದಾಗಿನಿಂದ. ಬಾಯಿ ಹೇಳ್ತದೆ, ಒಳಗೆ ಏನೂ ಇಲ್ಲ. ಬೆಳಿಗ್ಗೆ ಆ ಹೆಸರುಗಳನ್ನ ಹಿಡ್ಕೊಂಡು ಕೂತಿರ್ತೀನಿ. ಅವರು ಮಾಡ್ತಿದ್ದಾರೆ, ನನ್ನದೂ ಅದರಲ್ಲಿ ಸೇರ್ಕೊಂಡು ಹೋಗ್ತದೆ ಅಂತ."

ಮಹನೀಯರೊಬ್ಬರು ಹೀಗೆ ಹೇಳಿದರೆಂದು ಬರೆಯಬಾರದೆಂದು ಕೆಲವು ಹಿರಿಯರು ನನಗೆ ಸೂಚಿಸಿದ್ದಾರೆ. ಬರೆದಿದ್ದೇನೆ. ಈ ಪ್ರಸಂಗದಲ್ಲಿ ನಾನು ಅಲ್ಲಲ್ಲಿ ಉಪ್ಪುಖಾರ ಸೇರಿಸಿರಬಹುದು. ಈ ಮಾತಿಗೆ ಏನೂ ಸೇರಿಸಿಲ್ಲ.

"ಕ್ಲೆಮೆಂಟ್ ಸ್ವಾಮಿಗಳಿಗೆ ಏನು ಹೇಳಲಿ?" ಎಂದು ಕೇಳಿದರು ಸ್ವಾಮಿಗಳು.

"ನಾನೇ ಹೇಳ್ತೀನಿ" ಎಂದ ತನಿಸ್ಲಾಸ್. ಈ ಸಲ ಮೆಲ್ಲಗೇ ಹೇಳಿದ. ಸ್ವಾಮಿಗಳಿಗೆ ಅದು ಕೇಳಿಸಿತೋ, ತುಟಿ ನೋಡಿ ತಿಳಿಯಿತೋ, ತಲೆಯಾಡಿಸಿದರು.

ಮಾರನೆಯ ಬೆಳಿಗ್ಗೆ ತನಿಸ್ಲಾಸ್ ಎಲ್ಲರಿಗಿಂತ ಮುಂಚೆ ಬಂದು ಮುಂದಿನ ಬೆಂಚಿನಲ್ಲಿ ಕುಳಿತಿದ್ದ. ಗಿಲ್ಬರ್ಟನಿಗೆ ಇದು ತಿಳಿಯದು. ಅವನು ಎಂದಿನಂತೆ ಕಂಬದ ಮರೆಯಲ್ಲಿ ಸಿದ್ಧನಾಗಿದ್ದ.

"ತನಿಸ್ಲಾಸ್."

"ಹಾಜರ್" ಎಂದಿತು ಕಂಬ.

ತನಿಸ್ಲಾಸ್ ಎದ್ದು ನಿಂತ. "ಅದು ನಾನಲ್ಲ ಫಾದರ್. ನಾನು ಇಲ್ಲಿದ್ದೀನಿ. ಇವತ್ತು ಇದ್ದೀನಿ. ಇಷ್ಟು ದಿನ ಇರಲಿಲ್ಲ."

ಫಾದರ್ ಕ್ಲೆಮೆಂಟರ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಅದೇ ದನಿ ಬಂತು. ಇದು ಹಾಜರಿಯೆಂದೂ, ಈ ತನಿಸ್ಲಾಸ್ ಯಾವ ಬಗೆಯ ಸಂತನೆಂದೂ ಈಗ ಚೆನ್ನಾಗಿ ತಿಳಿದಿದ್ದ ದನಿ.

"ನಮಗಾಗಿ ಪ್ರಾರ್ಥಿಸಿ."

ಯಾರೂ ನಗಲಿಲ್ಲ.

ಆದರೆ ನಿಯಮ ನಿಯಮವೇ. ಪೂಜೆ ಮುಗಿದಮೇಲೆ ಜಗಲಿಯಲ್ಲಿ ಫಾದರ್ ಕ್ಲೆಮೆಂಟರು ತನಿಸ್ಲಾಸನಿಗೆ ಹೇಳಿದರು: ಸತ್ಯ ಹೇಳಿದ್ದು ಒಳ್ಳೆಯದಾಯಿತು, ಆದರೆ ನಿನ್ನನ್ನು ಬಿಟ್ಟರೆ ನಾಳೆ ಇಡೀ ಹಾಸ್ಟೆಲ್ಲೇ ಮಲಗುತ್ತದೆ, ಸಂಜೆಯೊಳಗೆ ಹಾಸಿಗೆ ಖಾಲಿಯಾಗಬೇಕು. ಕಂಬದ ಮರೆಯಲ್ಲಿದ್ದವನು ಯಾರೆಂದೂ ಕೇಳಿದರು. ತನಿಸ್ಲಾಸ್ ಬಾಯಿ ಬಿಡಲಿಲ್ಲ. ಅದಕ್ಕಾಗಿ ಗಿಲ್ಬರ್ಟ್ ಇಂದಿಗೂ ಅವನಿಗೆ ಋಣಿ. ನನಗೆ ಚೆನ್ನಾಗಿ ಗೊತ್ತು.

ಸ್ವಾಮಿಗಳು ಪಕ್ಕದಲ್ಲೇ ನಿಂತು ಅಂಗೈಯನ್ನು ಕಿವಿಗೆ ಆನಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕೇಳಿದರು:

"ನಿಯಮ ಹಾಸಿಗೆಗೆ ಮಾತ್ರವೋ, ಚಾಪೆಗೂ ಉಂಟೋ?"

ವಾರ್ಡನ್ನರು ಆಕಾಶ ನೋಡಿದರು, ನೆಲ ನೋಡಿದರು. ಚಾಪೆಯ ಬಗ್ಗೆ ಅವರು ಯಾವತ್ತೂ ಏನೂ ಹೇಳಿರಲಿಲ್ಲ.

ಆ ಸಂಜೆ ತನಿಸ್ಲಾಸನ ಟ್ರಂಕು ಉಗ್ರಾಣಕ್ಕೆ ಬಂತು. ಚಾಪೆ ಹಾಸಲು ಜಾಗ ಸಾಲದೆ ಎರಡು ಮೂಟೆ ಈರುಳ್ಳಿ ಅಡುಗೆಮನೆಗೆ ಹೋಯಿತು; ಮದಲೇನಮ್ಮನವರು ಇಬ್ಬರನ್ನೂ ಬೈದರು. ಅವನ ಡಿಗ್ರಿ ಉಳಿಯಿತು.

ಮರುದಿನ ನಸುಕಿನಲ್ಲಿ ಅವನು ಕಣ್ಣುಬಿಟ್ಟಾಗ ಸ್ವಾಮಿಗಳು ಮಂಚದ ಅಂಚಿನಲ್ಲಿ ಕುಳಿತಿದ್ದರು. ಕೈಗಳು ಮಡಿಲಲ್ಲಿ, ತುಟಿ ಅಲುಗುತ್ತಿರಲಿಲ್ಲ. ಹಾಗೆ ಎಷ್ಟು ಹೊತ್ತಿನಿಂದ ಕುಳಿತಿದ್ದರೋ. ಅವನು ಎದ್ದದ್ದು ಕಂಡು ಹೇಳಿದರು:

"ಬರ್ತಿಲ್ಲ ಮಗ. ನೀನು ಶುರು ಮಾಡು."

ತನಿಸ್ಲಾಸ್ ಎದ್ದು ಅವರ ಮುಂದೆ ಮೊಣಕಾಲೂರಿದ. ಕೂಸಾಗಿದ್ದಾಗಿನಿಂದ ಬಾಯಿಪಾಠವಾಗಿದ್ದ ಜಪ, ತುಟಿಯ ಮೇಲೆ ತಾನಾಗಿ ಉರುಳಿಹೋಗುವಂಥದು. ಎಂದಿನಂತೆ ಗೊಣಗಿದ.

"ಆಂ?" ಎಂದರು ಸ್ವಾಮಿಗಳು.

ಇನ್ನೊಮ್ಮೆ ಹೇಳಿದ. ಸ್ವಾಮಿಗಳು ಕಿವಿಯನ್ನು ಹತ್ತಿರ ತಂದರು. ಆಗ ಅವನು ಎದೆ ತುಂಬಾ ಉಸಿರೆಳೆದುಕೊಂಡು ಕೂಗಿದ:

"ಸ್ವರ್ಗದಲ್ಲಿರುವ ನಮ್ಮ ತಂದೆಯೇ!"

ಆ ಕೂಗು ಅಡುಗೆಮನೆ ದಾಟಿತು, ಮೇಲಿನ ಮಹಡಿಯಲ್ಲಿ ಮಲಗಿದ್ದವರಿಗೂ ಕೇಳಿಸಿತು. ನಾನು ಕಂಬಳಿಯೊಳಗೆ ಎದ್ದು ಕುಳಿತದ್ದು ನನಗೆ ನೆನಪಿದೆ. ಕೂಗಿದವನು ತಾನೇ ಬೆಚ್ಚಿ ನಿಂತುಬಿಟ್ಟಿದ್ದ. ಹುಟ್ಟಿದಾಗಿನಿಂದ ಹೇಳುತ್ತ ಬಂದಿದ್ದ ಮಾತು. ಯಾರನ್ನೋ ಕರೆಯುವ ಮಾತು ಅದೆಂದು ಅವತ್ತೇ ಅವನಿಗೆ ಹೊಳೆದದ್ದಂತೆ. ಕರೆದಮೇಲೆ ಇನ್ನೇನು ಹೇಳುವುದೆಂದು ತೋಚದೆ, ಬಾಗಿಲಲ್ಲಿ ನಿಂತ ಮಗನ ಹಾಗೆ ಕಾದುಕೊಂಡಿದ್ದ.

ಸ್ವಾಮಿಗಳೂ ಕಾದರು. ಅವರ ಕಣ್ಣು ತುಂಬಿತ್ತು. ಅಂಗೈಯನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು, ಮುಂದಕ್ಕೆ ಬಾಗಿ, ಕೇಳಿದರು:

"ಆಮೇಲೆ?"

ತನಿಸ್ಲಾಸ್ ಮತ್ತೆ ಉಸಿರೆಳೆದುಕೊಂಡ.