ಹೆದರಿಕೆ ಬಾರದ ಮಲ್ಲಾಂಬೆ

"ಕೇಳ್ರಪ್ಪೋ ಕೇಳ್ರಿ! ಕಾರೆಗಡದ ಅರಸರ ಅಪ್ಪಣೆ! ರಾಜಕುಮಾರಿ ಮಲ್ಲಾಂಬೆಯವರಿಗೆ ಎಂಥ ಭೂತದ ಕತೆ ಕೇಳಿದರೂ ಹೆದರಿಕೆ ಬರೋದಿಲ್ಲ. ಹೆದರಿಕೆಯ ಗುಟ್ಟೇನೆಂದು ತಿಳಿಯೋಕೆ ಮೂರು ಒಗಟು ಕೇಳ್ತಾರೆ. ಬಿಡಿಸಿದವರಿಗೆ ಅರ್ಧ ರಾಜ್ಯ, ತಪ್ಪಿದವರಿಗೆ ಅಮಾವಾಸ್ಯೆಯ ದಿನ ಶೂಲ!" ಎಂದು ಸಾರಿದ ಡಂಗುರದವನು ತಮಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದಿನ ಓಣಿಗೆ ಕಾಲೆಳೆದ. ಅವನಿಗೂ ಸಾಕುಸಾಕಾಗಿತ್ತು.

ತೊಗಲುಗೊಂಬೆ ಆಡಿಸುವ ಕೊಟ್ರ ಊರಬಾಗಿಲಲ್ಲಿ ಅದನ್ನು ಕೇಳಿದ. ನಡೆದು ನಡೆದು ಅವನ ಕಾಲು ಬಿದ್ದುಹೋಗಿದ್ದವು. ಅರ್ಧ ರಾಜ್ಯ ಯಾರಿಗೆ ಬೇಕು? ಅವನ ಅಣ್ಣ ಸಂಕಪ್ಪ ಮೊದಲ ಒಗಟಿಗೇ ತಪ್ಪಿ ಸೆರೆಮನೆಯಲ್ಲಿ ಕೂತಿದ್ದ, ಅಮಾವಾಸ್ಯೆ ಹತ್ತಿರ ಬಂದಿತ್ತು. ಅಣ್ಣ ಮಾಡಿದ್ದಾದರೂ ಎಂಥ ಕೆಲಸ! ಮಟಮಟ ಮಧ್ಯಾಹ್ನ, ಪರದೆಯಿಲ್ಲದೆ ದೀಪವಿಲ್ಲದೆ, ರಕ್ಕಸನ ಗೊಂಬೆಯನ್ನು ರಾಜಕುಮಾರಿಯ ಮುಖಕ್ಕೆ ಹಿಡಿದು "ಇದೇ ಉತ್ತರ" ಅಂದಿದ್ದ. ತೇಪೆ ಹಾಕಿದ ಆಡಿನ ತೊಗಲು ಕಂಡು ಆಕೆ ಆಕಳಿಸಿದಳಂತೆ.

ಅಣ್ಣನನ್ನು ಬಿಡಿಸಿಕೊಳ್ಳಲು ಕೊಟ್ರ ಅರಮನೆಯ ಸಭೆಗೆ ಹೋದಾಗ ಅವನಿಗಿಂತ ಮುಂದೆ ಇಬ್ಬರಿದ್ದರು. ಅರಸ ಕೂತ ಸಿಂಹಾಸನದ ಪಕ್ಕದಲ್ಲಿ ಬೇರೆ ಪೀಠದ ಮೇಲೆ ಒಬ್ಬಳೇ ಕೂತಿದ್ದ ಮಲ್ಲಾಂಬೆ ಬೇಸತ್ತ ದನಿಯಲ್ಲಿ ಕೇಳಿದಳು: "ಬಾಗಿಲ ಹಿಂದಿದ್ದಾಗ ಬೆಟ್ಟದಷ್ಟು, ಬಾಗಿಲು ತೆರೆದರೆ ಬೆರಳಷ್ಟು. ಏನದು?"

"ಹಸಿದ ಹುಲಿ!" ಎಂದ ಪಕ್ಕದ ರಾಜ್ಯದ ಯುವರಾಜ.

"ಬಾಗಿಲು ತೆರೆದರೂ ಹುಲಿ ಹುಲಿಯೇ." ತಳವಾರರು ಅವನನ್ನು ಎಳೆದೊಯ್ದರು.

"ಸಾಕ್ಷಾತ್ ಯಮ" ಎಂದರು ಆಸ್ಥಾನದ ಪಂಡಿತರು.

"ಎದುರಿಗೆ ಬಂದ ಯಮ ಬೆರಳಷ್ಟಾಗುತ್ತಾನೆಯೇ ಪಂಡಿತರೇ?" ಅವರೂ ಹೋದರು. ಕೊಟ್ರ ಮುಂದೆ ಬಂದು ಕೈಮುಗಿದ.

"ಇನ್ನೂ ಕಾಣದ ರಕ್ಕಸ, ತಾಯಿ" ಎಂದ. "ನಾವು ಅವನ್ನ ಒಮ್ಮೆಲೆ ತೋರ್ಸಲ್ಲ. ಮೊದ್ಲು ಪರದೆ ಹಿಂದ ಬರೀ ಕೂಗ್ತಾನ. ಆಮ್ಯಾಲ ನೆರಳು. ಉಳಿದದ್ದನ್ನ ನೋಡೋ ಮಂದಿನೇ ಮನಸ್ನಾಗ ಕಟ್ಕೋತಾರ. ಅವರು ಕಟ್ಟೋ ಅಷ್ಟು ದೊಡ್ಡ ರಕ್ಕಸನ್ನ ಕೆತ್ತಾಕ ನಮ್ಮ ಕೈಲಿ ಆಗಲ್ಲ."

ಮಲ್ಲಾಂಬೆ ತಲೆಯೆತ್ತಿ ನೋಡಿದಳು. "ಮದ್ದಲೆ ನಿಂತ ಮೇಲೆ ಜೋರಾಗುವ ಸದ್ದು ಯಾವುದು?"

"ಕೇಳೋರ ಎದೆಬಡಿತ. ರಕ್ಕಸ ಬರೋ ಮುಂಚೆ ನಮ್ಮಪ್ಪ ಮದ್ದಲೆ ನಿಲ್ಲಿಸಿಬಿಡ್ತಾನ. ಬಾರಿಸ್ತಾ ಇದ್ರೆ ಮಂದಿಗೆ ಧೈರ್ಯ ಇರ್ತೈತಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಮಲ್ಲಾಂಬೆ ಮೂರನೆಯದನ್ನು ಕೇಳಿದಳು: "ಹೆದರಿಕೆಯ ಕತೆಗೆ ಬೇಕೇ ಬೇಕಾದದ್ದು, ಗುಡಿಸಲಿನಲ್ಲೂ ಇರುವುದು, ನನ್ನ ಬಳಿ ಮಾತ್ರ ಇಲ್ಲದ್ದು ಯಾವುದು?" ಆಮೇಲೆ ದನಿ ತಗ್ಗಿಸಿದಳು. "ಇದರ ಉತ್ತರ ನನಗೂ ಗೊತ್ತಿಲ್ಲ. ಗೊತ್ತಿದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು?"

ಕೊಟ್ರನಿಗೆ ಸಿಟ್ಟು ಬಂತು, ಅದರ ಹಿಂದೆಯೇ ಮರುಕವೂ ಬಂತು. ಅಣ್ಣನ ಮುಖ ನೆನಪಾಯಿತು. ಚಿಕ್ಕವರಿದ್ದಾಗ ರಕ್ಕಸನ ಆಟ ಮುಗಿದ ಮೇಲೆ ಇಬ್ಬರೂ ಒಂದೇ ಕಂಬಳಿಯೊಳಗೆ ಅಪ್ಪಿಕೊಂಡು ಮಲಗುತ್ತಿದ್ದರು. ಅಣ್ಣನಿಲ್ಲದ ರಾತ್ರಿ ಅವನು ಆಟ ನೋಡಲು ಹೋಗುತ್ತಲೇ ಇರಲಿಲ್ಲ.

"ಪಕ್ಕದಾಗ ಕೂತೋರು, ತಾಯಿ" ಎಂದ. "ರಕ್ಕಸ ಕೂಗಿದ್ರೆ ಕೂಸು ಅವ್ವನ ಮಡಿಲಿಗೆ ಬೀಳ್ತೈತಿ. ಮಾತು ಬಿಟ್ಟ ವಾರಗಿತ್ತೇರೂ ಕೈ ಹಿಡ್ಕೋತಾರ. ಹಿಡ್ಕಳಾಕ ಒಂದು ಕೈ ಇದ್ರೇನೇ ಹೆದರಾಕ ಧೈರ್ಯ ಬರೋದು. ಶೂಲ ನೆಟ್ಟು ಕೂತೋರ ಪಕ್ಕದಾಗ ಯಾರು ಕೂಡ್ತಾರ? ಒಬ್ಬರೇ ಇರೋರು ಎದೆ ಕಲ್ಲು ಮಾಡ್ಕೋತಾರ. ಕಲ್ಲಿಗೆ ಎಂಥ ಹೆದರಿಕೆ?"

ಮಲ್ಲಾಂಬೆಯ ಕಣ್ಣು ತುಂಬಿದವು. "ಹೌದು, ಇದೇ ಉತ್ತರ. ಒಬ್ಬಳೇ ಇದ್ದು ಸಾಕಾಗಿದೆ" ಎಂದಳು ತಂದೆಗೆ. "ಶೂಲ ಕೀಳಿಸಿ."

ಅರಸ ಅರ್ಧ ರಾಜ್ಯ ಕೊಡಲು ಬಂದ. "ಅಷ್ಟನ್ನ ಹೊರಾಕ ನಮ್ಮ ಕತ್ತೆಗೆ ಬೆನ್ನು ಸಾಲದು, ದೊರೆ. ನಮ್ಮಣ್ಣನ್ನ ಬಿಡ್ರಿ, ಉಳಿದೋರ್ನೂ ಬಿಡ್ರಿ" ಎಂದ ಕೊಟ್ರ. ಎಲ್ಲರ ಬಿಡುಗಡೆಯಾಯಿತು. ಕೆರೆಯ ಕೆಳಗಿನ ಹೊಲವೊಂದು ಕೊಟ್ರನ ಗೊಂಬೆಮೇಳಕ್ಕೆ ಉಂಬಳಿಯಾಯಿತು.

ಮರುದಿನ ದೀಪ ಹಚ್ಚುವ ಹೊತ್ತಿಗೆ ಅರಮನೆಯ ಅಂಗಳದಲ್ಲಿ ಆಟ. ಮಲ್ಲಾಂಬೆ ಪೀಠ ಬೇಡವೆಂದು ಊಳಿಗದವರ ನಡುವೆ ಚಾಪೆಯ ಮೇಲೆ ಕೂತಳು. ಅಕ್ಕಪಕ್ಕದವರು ಮೆಲ್ಲಗೆ ಸರಿದರು. ಅಡುಗೆಯ ಗೌರವ್ವನಿಗೆ ಮಾತ್ರ ಸರಿಯಲು ಜಾಗವಿರಲಿಲ್ಲ. ಮದ್ದಲೆ ನಿಂತಿತು. ಪರದೆಯ ಹಿಂದೆ ಸಂಕಪ್ಪ ರಕ್ಕಸನಾಗಿ ಕೂಗಿದ. ಹೆಣ್ಣುದನಿಯೊಂದು ಕಿಟಾರನೆ ಕಿರುಚಿತು.

ಕೊಟ್ರ ಪರದೆಯ ಅಂಚಿನಿಂದ ಇಣುಕಿದ. ಮಲ್ಲಾಂಬೆ ಕಣ್ಣು ಮುಚ್ಚಿ ಗೌರವ್ವನ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದಳು. ಗೌರವ್ವ ಅಂಜುತ್ತಲೇ ಇನ್ನೊಂದು ಕೈಯನ್ನೂ ಅದರ ಮೇಲಿಟ್ಟಳು.